ಪರದೆ ಸರಿದಾಗ ಪ್ರಮಾಣ ಯಾವುದು?

ಹೊಸ ಕಂಪ್ಯೂಟರಿಗೆ ವಿಜಿಎ ಕೇಬಲ್ಲಿನಲ್ಲಿ ಮಾನಿಟರ್ ಸಿಕ್ಕಿಸಿದಾಗ ಕೆಲವೊಮ್ಮೆ ಚಿತ್ರ ಇಡಿಯಾಗಿ ಎಡಕ್ಕೆ ಸರಿದು ಕೂರುತ್ತದೆ. ಬಲಗಡೆ ಕಪ್ಪು ಪಟ್ಟಿ, ಎಡಗಡೆ ಸ್ಟಾರ್ಟ್ ಬಟನ್ ಅರ್ಧ ಮಾಯ. ಈ ದೋಷಕ್ಕೆ ಒಂದು ವಿಚಿತ್ರ ಗುಣವಿದೆ: ಅದು ಕೆಲಸ ಕೆಡಿಸುವುದಿಲ್ಲ. ಫೋಲ್ಡರಿನ ಚಿತ್ರ ಎಷ್ಟು ಸರಿದಿದೆಯೋ ಮೌಸ್ ಬಾಣವೂ ಅಷ್ಟೇ ಸರಿದಿರುತ್ತದೆ. ಬಾಣವನ್ನು ಅದರ ಮೇಲಿಟ್ಟು ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಮೊಬೈಲಿನಲ್ಲಿ ನೋಡಿ, ಚಿತ್ರ ನಾಲ್ಕೂ ಮೂಲೆಗೆ ಕರಾರುವಾಕ್ಕಾಗಿ ಕೂತಿರುತ್ತದೆ. ಕಂಪ್ಯೂಟರಿನ ಮಟ್ಟಿಗೆ ಹೇಳುವುದಾದರೆ ಯಾವ ತಪ್ಪೂ ನಡೆದೇ ಇಲ್ಲ. ಎಲ್ಲವೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಸರಿದಾಗ ಒಳಗಿನ ಸಂಬಂಧಗಳು ಚೂರೂ ಕದಲುವುದಿಲ್ಲ. ಜ್ಞಾನ ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ನಮ್ಮ ದಾರ್ಶನಿಕರು ಕೊಟ್ಟ ಒಂದು ಮುಖ್ಯ ಒರೆಗಲ್ಲನ್ನು ಈ ಸಣ್ಣ ತೊಂದರೆ ಪರೀಕ್ಷೆಗೆ ಒಡ್ಡುತ್ತದೆ.

ನ್ಯಾಯದರ್ಶನವನ್ನು ಅನುಸರಿಸುವ ನೈಯಾಯಿಕರ ಪ್ರಕಾರ ಜ್ಞಾನ ಹುಟ್ಟಿದ ಮಾತ್ರಕ್ಕೆ ಅದರ ಸತ್ಯತೆ ತಿಳಿಯುವುದಿಲ್ಲ. ಆ ಜ್ಞಾನವನ್ನು ನಂಬಿ ನಡೆದಾಗ ಫಲ ಸಿಕ್ಕರೆ, ಅಂದರೆ ನೀರೆಂದು ಕಂಡಲ್ಲಿಗೆ ಹೋದವನ ಬಾಯಾರಿಕೆ ತೀರಿದರೆ, ಆಗ ಅದು ಪ್ರಮೆ, ಅಂದರೆ ನಿಜವಾದ ಜ್ಞಾನ, ಎಂದು ಊಹಿಸಬಹುದು. ಏಳನೆಯ ಶತಮಾನದ ಬೌದ್ಧ ಚಿಂತಕ ಧರ್ಮಕೀರ್ತಿ ಬೇರೆ ಹಾದಿಯಿಂದ ಬಂದರೂ ಹತ್ತಿರದ ಮಾತನ್ನೇ ಹೇಳುತ್ತಾನೆ: ಯಾವ ಜ್ಞಾನ ಕಾರ್ಯಕ್ಕಿಳಿದಾಗ ಮೋಸ ಮಾಡುವುದಿಲ್ಲವೋ ಅದೇ ಪ್ರಮಾಣ. ಇದನ್ನು ಒಪ್ಪುವುದಾದರೆ ಎಡಕ್ಕೆ ಸರಿದ ಪರದೆಯೂ ಪ್ರಮಾಣವೇ ಆಗಬೇಕು; ಒತ್ತಿದ್ದೆಲ್ಲ ಫಲ ಕೊಡುತ್ತಿದೆಯಲ್ಲ! ನೈಯಾಯಿಕ ಇಷ್ಟಕ್ಕೆ ಬಿಡುವವನಲ್ಲ. ಅಂಚಿನಲ್ಲಿ ಕತ್ತರಿಸಿಹೋದ ಅಕ್ಷರ ಓದಲಾಗದೆ ಪ್ರವೃತ್ತಿ (ನಂಬಿ ನಡೆದ ನಡೆ) ಅಲ್ಲಿ ಸೋಲುತ್ತದೆ, ಆ ಸೋಲಿನಿಂದಲೇ ದೋಷ ಬಯಲಾಗುತ್ತದೆ ಎಂದು ಅವನು ವಾದಿಸಬಹುದು. ಒಪ್ಪೋಣ. ಆದರೆ ಸೋಲು ದೋಷವನ್ನು ತೋರಿಸಿತೇ ಹೊರತು, ಪರದೆಯ ನಡುವೆ ಸಿಕ್ಕ ನೂರಾರು ಗೆಲುವುಗಳು ಸರಿತನವನ್ನು ತೋರಿಸಲಿಲ್ಲ. ಫಲ ಸಿಗುವುದು ಬೇರೆ, ನೆಲೆ ಸರಿಯಿರುವುದು ಬೇರೆ.

ಹಾಗಾದರೆ ತಪ್ಪು ಇರುವುದೆಲ್ಲಿ? ವಿಜಿಎ 1987ರಲ್ಲಿ ಐಬಿಎಂ ತಂದ ವ್ಯವಸ್ಥೆ, ಗಾಜಿನ ಕೊಳವೆಯ ಮಾನಿಟರುಗಳ ಕಾಲದ್ದು. ಅದರಲ್ಲಿ ಚಿತ್ರದ ಚುಕ್ಕೆಗಳು ತಮ್ಮ ವಿಳಾಸ ಹೊತ್ತು ಬರುವುದಿಲ್ಲ. ಏರಿಳಿಯುವ ವಿದ್ಯುತ್ ಸಂಕೇತವಾಗಿ ಒಂದರ ಹಿಂದೊಂದು ಹರಿದು ಬರುತ್ತವೆ. 1920 ಚುಕ್ಕೆ ಅಗಲದ ಚಿತ್ರಕ್ಕೆ ಬಳಕೆಯಲ್ಲಿರುವ ಮಾನಕವೊಂದರಲ್ಲಿ ಪ್ರತಿ ಸಾಲಿಗೂ 2200 ಚುಕ್ಕೆಗಳಷ್ಟು ಕಾಲ ಮೀಸಲು. ಉಳಿದ 280ರ ಕಾಲ ಬರೀ ಖಾಲಿ. ಖಾಲಿ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಎಂಬುದನ್ನು ಮಾನಿಟರ್ ಲೆಕ್ಕ ಹಾಕಿಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡ್ ಒಂದು ಲೆಕ್ಕದಲ್ಲಿ ಕಳಿಸಿ, ಮಾನಿಟರ್ ಇನ್ನೊಂದು ಲೆಕ್ಕದಲ್ಲಿ ಓದಿಕೊಂಡರೆ ಚಿತ್ರ ಸರಿಯುತ್ತದೆ. ಕಳಿಸಿದ್ದು ಸುಳ್ಳಲ್ಲ, ಪಡೆದದ್ದೂ ಸುಳ್ಳಲ್ಲ. ಚಿತ್ರವೂ ನಿಜ, ಜಾಗವೂ ನಿಜ. ಇದು ಇಲ್ಲಿಯದು ಎಂದು ಎರಡನ್ನೂ ಹೊಂದಿಸಿದ್ದಷ್ಟೇ ತಪ್ಪು. ಭ್ರಮೆಯೆಂದರೆ ಇರುವ ವಸ್ತುವನ್ನು ಇಲ್ಲದ ಜಾಗದಲ್ಲಿ ಕಾಣುವುದು ಎಂದ ನ್ಯಾಯದ ಅನ್ಯಥಾಖ್ಯಾತಿ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಒರೆಗಲ್ಲಿನಲ್ಲಿ ಎಡವಿದ ನೈಯಾಯಿಕ ಭ್ರಮೆಯ ಸ್ವರೂಪ ಹೇಳುವಲ್ಲಿ ಗೆದ್ದುಬಿಟ್ಟ.

ಇಂಥ ದೋಷವನ್ನು ಪತ್ತೆ ಮಾಡುವ ಕ್ರಮವೇ ನನ್ನ ವಾದಕ್ಕೆ ಮುಖ್ಯ ಆಧಾರ. ಸರಿದದ್ದು ಕಣ್ಣಿಗೆ ಬೀಳುವುದು ಮಾನಿಟರಿನ ಪ್ಲಾಸ್ಟಿಕ್ ಚೌಕಟ್ಟಿನಿಂದ. ಆ ಚೌಕಟ್ಟು ಚಿತ್ರದ ಭಾಗವಲ್ಲ. ಮಾನಿಟರಿನ ಗುಂಡಿ ಒತ್ತಿ ಅದರ ಸ್ವಂತ ಮೆನು ತೆರೆಯಿರಿ. ಅದು ಕಂಪ್ಯೂಟರಿನಿಂದ ಬಂದದ್ದಲ್ಲ, ಮಾನಿಟರೇ ಬರೆದದ್ದು. ಮೆನು ತನ್ನ ಜಾಗದಲ್ಲೇ ಇದ್ದು ಹಿಂದಿನ ಚಿತ್ರ ಮಾತ್ರ ಸರಿದಿದ್ದರೆ ಪರದೆಯ ಫಲಕದಲ್ಲಿ ತೊಂದರೆಯಿಲ್ಲ, ಹೊಂದಾಣಿಕೆಯಲ್ಲಿದೆ ಎಂದು ತಿಳಿಯುತ್ತದೆ. ಆಮೇಲೆ ಆಟೋ ಅಡ್ಜಸ್ಟ್ ಒತ್ತಿದರೆ ಮಾನಿಟರ್ ಚಿತ್ರದ ಅಂಚು ಹುಡುಕಿ ಸರಿಪಡಿಸಿಕೊಳ್ಳುತ್ತದೆ. ಹಿನ್ನೆಲೆ ಪೂರ್ತಿ ಕಪ್ಪಾಗಿದ್ದರೆ ಆ ಹುಡುಕಾಟವೂ ತಪ್ಪಬಹುದು. ಚಿತ್ರದ ಕಪ್ಪು ಯಾವುದು, ಖಾಲಿ ಕಾಲದ ಕಪ್ಪು ಯಾವುದು ಎಂದು ಅದಕ್ಕೆ ಗೊತ್ತಾಗದು. ಅದಕ್ಕೇ ಅಂಚಿನವರೆಗೂ ಬೆಳ್ಳಗಿರುವ ಪುಟವೊಂದನ್ನು ತೆರೆದಿಟ್ಟು ಆ ಗುಂಡಿ ಒತ್ತಬೇಕು. ಒಟ್ಟಾಗಿ ಸರಿದ ತಪ್ಪನ್ನು ಹಿಡಿಯಲು ಅದರೊಂದಿಗೆ ಸರಿಯದ ಸಾಕ್ಷಿಯೊಂದು ಬೇಕೇ ಬೇಕು.

ಇದಕ್ಕೆ ಬರುವ ಹಳೆಯ ಆಕ್ಷೇಪ ಅನವಸ್ಥೆಯದು. ಚೌಕಟ್ಟೇ ಸೊಟ್ಟಗಿದ್ದರೆ? ಅದನ್ನು ಅಳೆಯಲು ಇನ್ನೊಂದು, ಅದಕ್ಕೆ ಮತ್ತೊಂದು, ಹೀಗೆ ಕೊನೆಯಿಲ್ಲ. ವಿಜಯನಗರದ ಕಾಲದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನವ್ಯನ್ಯಾಯದ ಗಂಗೇಶನ ಪಕ್ಷವನ್ನು ಖಂಡಿಸುವಾಗ ಈ ಅಸ್ತ್ರವನ್ನು ಹೂಡಿದವರು. ವ್ಯಾಸತೀರ್ಥರು ಅನುಸರಿಸಿದ ಮಧ್ವರ ಮತದಲ್ಲಿ ಪರೀಕ್ಷೆಗೆ ಜಾಗವಿದೆ, ಆದರೆ ಅದು ಸಂಶಯ ಬಂದಾಗ ಮಾತ್ರ. ಕೊನೆಗೆ ನಿಶ್ಚಯಿಸುವುದು ಸಾಕ್ಷಿ, ಅಂದರೆ ಆತ್ಮನ ಒಳಗಿನ ಅರಿವು; ಅಲ್ಲಿಗೆ ಸರಪಳಿ ನಿಲ್ಲುತ್ತದೆ. ಸಾಕ್ಷಿ ಎಂದೂ ತಪ್ಪದು ಎಂಬ ಅವರ ಮಾತನ್ನು ನಾನು ಒಪ್ಪಲಾರೆ. ಕಾರಣವಿಲ್ಲದ ಸಂಶಯಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂಬುದನ್ನು ಮಾತ್ರ ಧಾರಾಳವಾಗಿ ಒಪ್ಪಬಹುದು. ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಮಾನಿಟರ್ ಅಳೆಯುವವರು ಯಾರೂ ಇಲ್ಲ, ಅಳೆಯಬೇಕಾಗಿಯೂ ಇಲ್ಲ. ಇನ್ನು ಜಗತ್ತೇ ಇಡಿಯಾಗಿ ಸರಿದಿರಬಹುದಲ್ಲ ಎಂದು ಕೇಳುವವರಿಗೂ ಇದೇ ಉತ್ತರ. ಯಾವುದರಿಂದ ಸರಿದಿದೆ ಎಂದು ಹೇಳಲಾಗದ ಸರಿಯುವಿಕೆ ಸರಿಯುವಿಕೆಯೇ ಅಲ್ಲ. ಅದ್ವೈತಿ ಇದಕ್ಕೆ ಹೆದರುವುದಿಲ್ಲ, ಜಗತ್ತಿನ ತೋರಿಕೆಯನ್ನು ಬಾಧಿಸುವ, ಅಂದರೆ ಸುಳ್ಳಾಗಿಸುವ, ಬ್ರಹ್ಮಜ್ಞಾನವೊಂದು ಇದೆ ಎನ್ನುತ್ತಾನೆ; ಅಂದರೆ ಅವನೂ ಒಂದು ಚೌಕಟ್ಟನ್ನು ಕೇಳಿಯೇ ಮುಂದೆ ಹೋಗುತ್ತಿದ್ದಾನೆ.

ಧರ್ಮದ ವಿಚಾರಕ್ಕೆ ಬಂದರೆ ಇದು ಬರೀ ತರ್ಕದ ಕಸರತ್ತಾಗಿ ಉಳಿಯುವುದಿಲ್ಲ. ತಮ್ಮ ಆಚಾರ ಸತ್ಯ ಎನ್ನುವವರು ಸಾಮಾನ್ಯವಾಗಿ ಕೊಡುವ ಆಧಾರ ಎರಡು: ಇಷ್ಟು ಕಾಲ ನಡೆದುಕೊಂಡು ಬಂದಿದೆ, ಮತ್ತು ಎಲ್ಲವೂ ಒಂದಕ್ಕೊಂದು ಹೊಂದುತ್ತದೆ. ಎರಡೂ ಪರದೆಯ ನಡುವಿನ ಸಾಕ್ಷ್ಯ. ಶಾಸ್ತ್ರ, ಪಂಕ್ತಿ, ಮಡಿ, ಮದುವೆ ಎಲ್ಲವೂ ಒಟ್ಟಿಗೆ ಸರಿದಿದ್ದರೆ ನಡುವೆ ಕೂತವನಿಗೆ ಯಾವ ವ್ಯತ್ಯಾಸವೂ ಕಾಣದು, ಅವನ ಪ್ರಾಮಾಣಿಕತೆಯನ್ನು ಅನುಮಾನಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ, ಅಸ್ಪೃಶ್ಯವೆನಿಸಿದ್ದ ಜಾತಿಗಳಿಂದ ಬಂದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರಂಥವರ ಮಾತಿಗೆ ತೂಕ ಬಂದದ್ದು ಅವರು ಹೆಚ್ಚು ಓದಿದ್ದರು ಎಂದಲ್ಲ; ಚಿತ್ರ ಎಲ್ಲಿ ಕತ್ತರಿಸಿಹೋಗಿತ್ತೋ ಅಲ್ಲಿ ಅವರಿದ್ದರು. ಅಂಚಿನಲ್ಲಿರುವವರು ಹೇಳಿದ್ದೆಲ್ಲ ತಾನಾಗಿ ಸತ್ಯವಾಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಫಲಕವೇ ಅಂಚಿನಲ್ಲಿ ಕೆಟ್ಟಿರಲೂಬಹುದು, ಅದಕ್ಕೇ ಮೆನು ತೆರೆದು ನೋಡುವುದು. ಆದರೆ ದೂರು ಬಂದಾಗ ‘ನಮಗೆ ಸರಿಯಾಗಿ ಕಾಣುತ್ತಿದೆ’ ಎಂದು ಸ್ಕ್ರೀನ್‌ಶಾಟ್ ಮುಂದಿಡುವುದು ಉತ್ತರವಲ್ಲ. ದೂರು ಎಲ್ಲಿಂದ ಬಂತೋ ಆ ಮೂಲೆಗೆ ಹೋಗಿ ನೋಡಬೇಕು, ಹಾಗೆ ನೋಡದೆ ಶಾಸ್ತ್ರ ಶುದ್ಧವಾಗಿದೆ ಎನ್ನಲು ಯಾರಿಗೂ ಅಧಿಕಾರವಿಲ್ಲ.