ಇಂದಿನ ಧಮ್ಮ ಚಿಂತನೆ: ಫಿಲ್ಟರಿನ ಎಣ್ಣೆ, ಸೆನ್ಸರಿನ ತಂತಿ



ಧಮ್ಮ ಬಂಧುಗಳೇ,

ನಮ್ಮ ಬಳಗದಲ್ಲಿ ಗಾಡಿ ಓಡಿಸುವವರು, ಗ್ಯಾರೇಜಿನಲ್ಲಿ ದುಡಿಯುವವರು ಬಹಳ ಜನ ಇದ್ದೀರಿ. ಇಂದಿನ ಚಿಂತನೆ ನಿಮ್ಮ ಕೆಲಸದಿಂದಲೇ ಆರಿಸಿದ್ದು. ಉಳಿದವರು ಸ್ವಲ್ಪ ತಾಳ್ಮೆಯಿಂದ ಓದಿ, ನಿಮ್ಮ ಪಾಲೂ ಇದೆ.

1 ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಆ ಗಾಳಿಯ ಧೂಳು ಎಂಜಿನ್ನಿಗೆ ಹೋಗದಂತೆ ತಡೆಯುವುದು ಏರ್ ಫಿಲ್ಟರ್. ಸಾಮಾನ್ಯವಾಗಿ ಅದು ಕಾಗದದ್ದು, ಕೊಳೆಯಾದರೆ ಬಿಸಾಡುತ್ತೇವೆ. ಇನ್ನೊಂದು ಬಗೆಯಿದೆ. ಹತ್ತಿ ಬಟ್ಟೆಯ ಪದರಗಳನ್ನು ತಂತಿ ಜಾಲರಿಯ ನಡುವೆ ಮಡಿಕೆ ಮಡಿಕೆಯಾಗಿ ಇಟ್ಟು ಎಣ್ಣೆ ಹಾಕಿದ್ದು. ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಾಕಿ ವರ್ಷಗಟ್ಟಲೆ ಬಳಸಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಶುರುವಾದ ಕೆ ಅಂಡ್ ಎನ್ ಕಂಪನಿಯಿಂದ ಇದು ಹೆಸರಾಯಿತು. ಈಗ ನಮ್ಮಲ್ಲೂ ಸಿಗುತ್ತದೆ. ಹತ್ತಿಯ ಎಳೆಗಳ ನಡುವೆ ಜಾಗ ಹೆಚ್ಚು, ಗಾಳಿ ಸಲೀಸಾಗಿ ಹೋಗುತ್ತದೆ. ನುಣ್ಣನೆಯ ಧೂಳನ್ನು ಹಿಡಿಯುವುದು ಎಣ್ಣೆಯ ಜಿಗುಟು.

ಫಿಲ್ಟರ್ ದಾಟಿದ ಗಾಳಿಯನ್ನು ಅನೇಕ ಕಾರುಗಳಲ್ಲಿ ಎಂಎಎಫ್ ಸೆನ್ಸರ್ ಅಳೆಯುತ್ತದೆ. (ನಮ್ಮ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇದರ ಬದಲು ಒತ್ತಡ ಅಳೆಯುವ ಸೆನ್ಸರ್ ಇದೆ. ಎಲ್ಲರೂ ಗಾಬರಿಯಾಗಿ ಬಾನೆಟ್ ಎತ್ತಬೇಡಿ.) ಅದರೊಳಗೆ ಕೂದಲಿನಂಥ ತಂತಿ, ಇಲ್ಲವೇ ತೆಳುವಾದ ಪಟ್ಟಿ. ಕರೆಂಟಿನಿಂದ ಅದು ಸದಾ ಬಿಸಿಯಾಗಿರುತ್ತದೆ. ಹಾಯುವ ಗಾಳಿ ಅದನ್ನು ತಣಿಸುತ್ತದೆ. ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕಾಯಿತು ಎಂಬುದರಿಂದ ಗಾಳಿಯ ಲೆಕ್ಕ ಸಿಗುತ್ತದೆ. ಆ ಲೆಕ್ಕ ನೋಡಿ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ.

ಈಗ ಫಿಲ್ಟರ್ ತೊಳೆದವರು, ಇನ್ನಷ್ಟು ರಕ್ಷಣೆ ಇರಲಿ ಎಂದು ಎಣ್ಣೆಯನ್ನು ಧಾರಾಳವಾಗಿ ಸುರಿದರು ಅನ್ನಿ. ಹೆಚ್ಚಾದ ಎಣ್ಣೆ ಗಾಳಿಯ ಸೆಳೆತಕ್ಕೆ ಮುಂದೆ ಹೋಗಿ ತಂತಿಯ ಮೇಲೆ ಕೂರಬಹುದು. ಅದಕ್ಕೆ ಧೂಳು ಅಂಟುತ್ತದೆ. ತಂತಿಗೆ ಕಂಬಳಿ ಹೊದಿಸಿದ ಹಾಗೆ. ಗಾಳಿಯ ತಂಪು ಪೂರ್ತಿ ತಾಗದೆ, ಬಂದದ್ದಕ್ಕಿಂತ ಕಡಿಮೆ ಗಾಳಿ ಬಂತೆಂದು ಸೆನ್ಸರ್ ವರದಿ ಕೊಡುತ್ತದೆ. ಪೆಟ್ರೋಲ್ ಕಡಿಮೆಯಾಗುತ್ತದೆ, ಪಿಕಪ್ ಹೋಗುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ.

ಸೆನ್ಸರ್ ಪೂರ್ತಿ ಸತ್ತರೆ ಕಂಪ್ಯೂಟರಿಗೆ ಬೇಗ ಗೊತ್ತಾಗುತ್ತದೆ, ಅದು ಬೇರೆ ಲೆಕ್ಕ ಹಿಡಿದು ಓಡಿಸುತ್ತದೆ. ಮುಸುಕು ಹಾಕಿಕೊಂಡ ಸೆನ್ಸರ್ ಹಾಗಲ್ಲ. ಅದು ಬದುಕಿದೆ, ಮಾತಾಡುತ್ತಿದೆ, ನಂಬಲು ಯೋಗ್ಯವಾಗಿಯೇ ಕಾಣುತ್ತದೆ.

ಜನರಲ್ ಮೋಟರ್ಸ್ 2004ರಲ್ಲಿ ತನ್ನ ವರ್ಕ್‌ಶಾಪ್‌ಗಳಿಗೆ ಒಂದು ಸೂಚನೆ ಕಳಿಸಿತು. ಅತಿಯಾಗಿ ಎಣ್ಣೆ ಹಾಕಿದ ಫಿಲ್ಟರಿನಿಂದ ಈ ಸೆನ್ಸರ್ ಕೆಟ್ಟು ಆಟೋಮ್ಯಾಟಿಕ್ ಗೇರಿನವರೆಗೂ ತೊಂದರೆ ಮುಟ್ಟಬಹುದು, ಅಂಥ ರಿಪೇರಿ ವಾರಂಟಿಗೆ ಬರುವುದಿಲ್ಲ ಎಂದು. ನಮ್ಮ ಎಣ್ಣೆಯಿಂದ ಸೆನ್ಸರ್ ಕೆಡುವುದಿಲ್ಲ ಎಂಬುದು ಕೆ ಅಂಡ್ ಎನ್ ವಾದ. ಒಬ್ಬರಿಗೆ ವಾರಂಟಿ ಹಣ ಉಳಿಯಬೇಕು, ಇನ್ನೊಬ್ಬರಿಗೆ ಸರಕು ಮಾರಬೇಕು. ಕಾಲಾಮರಿಗೆ ಭಗವಾನರು ಹೇಳಿದ್ದು ಇಂಥ ಕಡೆಯೇ ಬೇಕಾಗುವುದು. ಹೇಳಿದವರು ದೊಡ್ಡವರೆಂದು ಒಪ್ಪಬೇಡಿ, ಪರೀಕ್ಷಿಸಿ. ಫಿಲ್ಟರಿನ ಮುಂದಿನ ಪೈಪಿನೊಳಗೆ ಬೆರಳಾಡಿಸಿದರೆ ಎಣ್ಣೆ ತಾಗುತ್ತದೆಯೇ? ಇಲ್ಲವೆಂದರೆ ಕಾರಣ ಬೇರೆ ಇರಬಹುದು. ಸೆನ್ಸರ್ ದಾಟಿದ ಮೇಲೆ ಎಲ್ಲೋ ಗಾಳಿ ಸೋರಿ ಒಳಬಂದರೂ, ಪೆಟ್ರೋಲ್ ಪಂಪ್ ಸೋತರೂ ಸ್ಕ್ಯಾನರಿನಲ್ಲಿ ಅದೇ ಪಿ0171 ಕೋಡ್ ಬರುತ್ತದೆ.

ಇನ್ನು ನಮ್ಮೊಳಗಿನ ಎಣ್ಣೆ. ಅದು ಶ್ರದ್ಧೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಜೊತೆ ದೀಕ್ಷೆ ಪಡೆದದ್ದು ಶ್ರದ್ಧೆಯಿಲ್ಲದೆ ಆಗುವ ಕೆಲಸವಲ್ಲ. ಅದು ಒಣಗಿದ ಮನೆಯಲ್ಲಿ ಏನಾಗುತ್ತದೆಂದು ನೋಡಿದ್ದೀರಿ. ಮದುವೆಗೆ ಮುಹೂರ್ತ, ಮಗುವಿಗೆ ಜಾತಕ, ಬಿಟ್ಟು ಬಂದದ್ದೆಲ್ಲ ಧೂಳಿನ ಹಾಗೆ ಸದ್ದಿಲ್ಲದೆ ಒಳಗೆ ಬರುತ್ತದೆ.

ಆದರೆ ಸುರಿದರೂ ಕಷ್ಟ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂದು ಎಚ್ಚರಿಸಿದರು. ಆ ಮಾತನ್ನು ಸ್ಟೇಟಸ್ಸಿಗೆ ಹಾಕುವ ನಾವೇ ಅವರ ಪ್ರತಿಮೆಗೆ ಹಾಲೆರೆಯುತ್ತೇವೆ. ಸಂಘದ ಲೆಕ್ಕಪತ್ರ ಕೇಳಿದ ಹುಡುಗನಿಗೆ, ಪದಾಧಿಕಾರಿಯ ಮಾತು ಪ್ರಶ್ನಿಸಿದ ಹೆಣ್ಣುಮಗಳಿಗೆ, ಬಾಬಾಸಾಹೇಬರ ವಿರೋಧಿ ಎಂಬ ಪಟ್ಟ ಕಟ್ಟುತ್ತೇವೆ. ಅವರು ತಂದ ಗಾಳಿ ನಮ್ಮ ತಂತಿಗೆ ತಾಗುವುದೇ ಇಲ್ಲ. ಆಮೇಲೆ ಯುವಕರು ವಿಹಾರಕ್ಕೆ ಬರುತ್ತಿಲ್ಲ ಎಂದು ಕೊರಗುತ್ತೇವೆ.

ಎಂಜಿನ್ನಿನಲ್ಲಿ ಇನ್ನೊಂದು ಸೆನ್ಸರ್ ಇದೆ, ಹೊಗೆ ಹೋಗುವ ದಾರಿಯಲ್ಲಿ. ಉರಿದ ಮೇಲೆ ಆಮ್ಲಜನಕ ಎಷ್ಟು ಉಳಿಯಿತೆಂದು ಅದು ನೋಡುತ್ತದೆ. ಮೊದಲಿನ ಲೆಕ್ಕ ತಪ್ಪಿದೆಯೆಂದು ಇದರಿಂದಲೇ ಗೊತ್ತಾಗಿ ಕಂಪ್ಯೂಟರ್ ಪೆಟ್ರೋಲ್ ಸರಿಪಡಿಸುತ್ತದೆ. ತಿದ್ದುಪಡಿ ಮಿತಿ ಮೀರಿದಾಗ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಅಂಬಲಟ್ಠಿಕಾದಲ್ಲಿ ಭಗವಾನರು ಮಗ ರಾಹುಲನಿಗೆ ಕಲಿಸಿದ್ದೂ ಇದನ್ನೇ. ಮಾಡುವ ಮುನ್ನ ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು, ಇದರಿಂದ ನನಗೆ ಅಥವಾ ಪರರಿಗೆ ನೋವಾಯಿತೇ ಎಂದು. ನಮ್ಮ ಉದ್ದೇಶ ಒಳ್ಳೆಯದಿತ್ತು ಎನ್ನುವುದು ಮೊದಲ ಸೆನ್ಸರಿನ ಮಾತು. ಆ ಹುಡುಗ, ಆ ಹೆಣ್ಣುಮಗಳು ಮುಂದಿನ ವಾರ ಬಂದರೇ ಇಲ್ಲವೇ ಎಂಬುದು ಎರಡನೆಯದು.

ಗ್ಯಾರೇಜಿನ ಅಣ್ಣತಮ್ಮಂದಿರಿಗೆ: ಫಿಲ್ಟರನ್ನು ಒಳಬದಿಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ತಾನಾಗಿ ಒಣಗಲಿ. ಪ್ರತಿ ಮಡಿಕೆಗೆ ಎಣ್ಣೆಯ ಒಂದು ತೆಳು ಗೆರೆ, 20 ನಿಮಿಷ ಬಿಟ್ಟು ನೋಡಿ, ಬಿಳಿ ಉಳಿದ ಕಡೆ ಮಾತ್ರ ಇನ್ನೊಂದು ಹನಿ. ಸೆನ್ಸರಿಗೆ ಅದರದೇ ಕ್ಲೀನರ್ ಸ್ಪ್ರೇ ಬಳಸಿ. ಕಾರ್ಬುರೇಟರ್ ಸ್ಪ್ರೇ ಬೇಡ. ತಂತಿಯನ್ನು ಬೆರಳಿನಿಂದ ಮುಟ್ಟಬೇಡಿ, ಪೂರ್ತಿ ಒಣಗಿದ ಮೇಲೆಯೇ ಕೂರಿಸಿ.

ಈ ಭಾನುವಾರದ ಓದಿಗೆ ರಾಹುಲೋವಾದ ಸುತ್ತ. ಪ್ರಶ್ನೆ ಇದ್ದವರು ಮುಂದಿನ ಸಾಲಿನಲ್ಲಿ ಕೂರಿ.

ಭವತು ಸಬ್ಬ ಮಂಗಲಂ. ಜೈ ಭೀಮ್.