ಋಷಿಋಣ ಮತ್ತು ಮಂಗನ ಕಾಯಿಲೆ

ಋಷಿಋಣವು, ಅಂದರೆ ಹಿಂದಿನವರಿಂದ ಪಡೆದ ಅರಿವಿನ ಸಾಲವು, ಬ್ರಹ್ಮಚರ್ಯದಿಂದ, ಎಂದರೆ ಗುರುವಿನ ಬಳಿಯ ಅಧ್ಯಯನದಿಂದ, ತೀರುತ್ತದೆಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಹಾಗಿದ್ದಲ್ಲಿ ಸಂಶೋಧನೆಯ ಶಿಕ್ಷಣ ಪಡೆದು, ಪ್ರಯೋಗಾಲಯ ತೊರೆದು, ವಿಜ್ಞಾನ ಸಂವಹನವನ್ನು, ಅಂದರೆ ಶಾಸ್ತ್ರವನ್ನು ಜನರ ಮಾತಿನಲ್ಲಿ ತಿಳಿಸುವ ಕೆಲಸವನ್ನು, ವೃತ್ತಿಯಾಗಿಸಿಕೊಂಡವರು ಸ್ವಧರ್ಮದಿಂದ ಜಾರಿದವರೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಮಂಗನ ಕಾಯಿಲೆಯ ಉದಾಹರಣೆಯಲ್ಲಿ ಸಿಗುತ್ತದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನೂ ಕಾಡಿದೆ. ಅದರ ವೈರಾಣು ಉಣುಗುಗಳ ಕಡಿತದಿಂದ ಹರಡುತ್ತದೆಂಬುದು ವಿದ್ವತ್ ಪ್ರಬಂಧಗಳಲ್ಲಿ ಎಂದೋ ಸ್ಥಾಪಿತವಾಗಿದ್ದರೂ, ತರಗೆಲೆ ಗುಡಿಸಲು ಕಾಡಿಗೆ ಹೋಗುವವರಿಗೆ, ಮಂಗ ಸತ್ತ ಜಾಗದಲ್ಲಿ ಏಕೆ ಸುಳಿಯಬಾರದೆಂಬುದು ತಿಳಿಯುವವರೆಗೆ ಆ ಅರಿವು ಅಪೂರ್ಣವೇ ಸರಿ. ಕಲಿಸುವುದೂ ಋಣ ತೀರಿಸುವ ದಾರಿಯೇ: ಅದನ್ನು ಮನುಸ್ಮೃತಿಯೂ ಬ್ರಹ್ಮಯಜ್ಞವೆಂದು, ಅಂದರೆ ಋಷಿಗಳಿಗೆ ಸಲ್ಲುವ ಯಜ್ಞವೆಂದು, ಕರೆದಿದೆ. ಯಾರಿಗೆ ಕಲಿಸಬೇಕೆಂಬಲ್ಲಿ ಮಾತ್ರ ಅದರ ಕೈ ಬಲು ಬಿಗಿ, ಉಣುಗಿಗೆ ಅಂಥ ಭೇದವಿಲ್ಲ.