‘ಉಳಿದಿದ್ದರೆ’ ಎಂಬ ತರ್ಕ

ಉತ್ತರಹಳ್ಳಿಯ ನಮ್ಮ ಮನೆಯ ಜಗಲಿಗೆ ಸಂಜೆಯ ವೇಳೆ ಬಂದು ಕೂಡುವ ತರುಣನೊಬ್ಬನುಂಟು. ಅವನದು ಬೀದರದ ಸೀಮೆ; ಉದ್ಯೋಗನಿಮಿತ್ತವಾಗಿ ಇಲ್ಲಿ ವಾಸ. ಮೊನ್ನೆ ಅವನು, “ಹೈದರಾಬಾದು ಸ್ವತಂತ್ರವಾಗಿಯೇ ಉಳಿದಿದ್ದರೆ ನಾನು ಹೊಟ್ಟೆಪಾಡಿಗಾಗಿ ಇಷ್ಟು ದೂರ ಬರಬೇಕಾಗುತ್ತಿತ್ತೆ, ಮೇಷ್ಟರೆ?” ಎಂದು ಕೇಳಿದನು. ಆ ಮಾತಿನಲ್ಲಿ ಪರಿಹಾಸಕ್ಕಿಂತ ನೋವೇ ಹೆಚ್ಚಾಗಿದ್ದುದರಿಂದ ಅದನ್ನು ವಿಚಾರಿಸುವುದು ಉಚಿತವೆಂದು ತೋರಿತು.

ಇಲ್ಲದುದನ್ನು ಇದೆಯೆಂದು ಆರೋಪಿಸಿ ಅದರಿಂದ ಏನಾಗುತ್ತಿತ್ತೆಂದು ನೋಡುವುದಕ್ಕೆ ನೈಯಾಯಿಕರು ತರ್ಕವೆಂದು ಹೆಸರಿಟ್ಟಿರುತ್ತಾರೆ. ಬೆಂಕಿಯಿಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲವೆಂಬುದು ಅದಕ್ಕೆ ಪಾಠಶಾಲೆಯ ಬಾಲಕರೂ ಹೇಳುವ ಉದಾಹರಣೆ. ತರ್ಕವು ತಾನೇ ಪ್ರಮಾಣವಲ್ಲ, ಪ್ರಮಾಣಕ್ಕೆ ಸಹಾಯಕವಷ್ಟೆ; ಮತ್ತು ವ್ಯಾಪ್ತಿಯಿಲ್ಲದೆ ಅದು ನಿಲ್ಲದು. ರಾಜ್ಯವು ಸ್ವತಂತ್ರವಾದಲ್ಲೆಲ್ಲ ಪ್ರಜೆಗಳು ಸುಖಿಗಳಾಗುವರೆಂಬ ವ್ಯಾಪ್ತಿಯುಂಟೆ? ಇದೇ ಇಲ್ಲಿಯ ಪ್ರಶ್ನೆ.

ದಖನ್ನಿನಲ್ಲಿ ಮೊಗಲರ ಸುಬೇದಾರನಾಗಿದ್ದ ನಿಜಾಮ್-ಉಲ್-ಮುಲ್ಕನು 1724ರಲ್ಲಿ ದಿಲ್ಲಿಯ ಹಿಡಿತವನ್ನು ಕಳಚಿಕೊಂಡನು. ಆ ವಂಶದ ಮೀರ್ ಉಸ್ಮಾನ್ ಅಲಿ ಖಾನರು 1947ರಲ್ಲಿ ಭಾರತವನ್ನು ಸೇರಲೊಪ್ಪದೆ, ನವೆಂಬರ್ 29ರಂದು ಯಥಾಸ್ಥಿತಿಯ ಒಪ್ಪಂದವನ್ನು ಮಾತ್ರ ಮಾಡಿಕೊಂಡರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಒಳಹೊಕ್ಕಿತು. ಐದು ದಿನಗಳೊಳಗೆ ಆ ಸ್ವಾತಂತ್ರ್ಯವು ಮುಗಿಯಿತು.

ಆದರೆ ‘ಸ್ವತಂತ್ರ’ವೆಂಬ ಶಬ್ದದಲ್ಲಿಯ ‘ಸ್ವ’ ಯಾರು? ಸಿಂಹಾಸನವೋ, ಪ್ರಜೆಯೋ? ಅರಸರು ಜಗತ್ತಿನ ಮಹಾಧನಿಕರೆಂದು ಖ್ಯಾತರಾಗಿದ್ದ ಕಾಲದಲ್ಲಿ ಆ ಧನವು ಬೀದರ, ಕಲಬುರ್ಗಿ, ರಾಯಚೂರುಗಳ ರೈತನದಾಗಿರಲಿಲ್ಲ. ಪ್ರಜೆಗಳಲ್ಲಿ ಬಹುಮಂದಿ ತೆಲುಗು, ಮರಾಠಿ, ಕನ್ನಡಗಳನ್ನಾಡುತ್ತಿದ್ದರೂ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿ ನಡೆಯಿತು. ನಾವು ಮೈಸೂರಿನವರು ಇದರಿಂದ ಹಿಗ್ಗಬೇಕಾಗಿಲ್ಲ. ನಮ್ಮ ಮಹಾರಾಜರು 1947ರ ಆಗಸ್ಟ್ 9ರಂದೇ ಸೇರ್ಪಡೆಯ ಪತ್ರಕ್ಕೆ ರುಜು ಹಾಕಿದರೂ, ಜವಾಬ್ದಾರಿ ಸರ್ಕಾರವು ದೊರೆಯುವುದಕ್ಕೆ ಜನರು ‘ಮೈಸೂರು ಚಲೋ’ ಚಳವಳಿಯನ್ನು ಹೂಡಬೇಕಾಯಿತು.

ಹಾಗಾದರೆ ಆದುದೆಲ್ಲವೂ ಧರ್ಮವೆ? ಹಾಗೆಂದು ಹೇಳಲು ನನ್ನ ನಾಲಗೆ ಏಳದು. 1948ರ ಮೇ ತಿಂಗಳಿನಲ್ಲಿ ಬೀದರ ಸೀಮೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯೆಯನ್ನು ನೆನೆಯುವವರು, ಸೈನ್ಯವು ಬಂದಮೇಲೆ ನಡೆದುದನ್ನೂ ನೆನೆಯತಕ್ಕದ್ದು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು, ತೀರ ಕಡಿಮೆಯೆಂದರೂ 27,000ದಿಂದ 40,000 ಮಂದಿ ಹತರಾದರೆಂದು ಅಂದಾಜುಮಾಡಿತು. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬೀದರ, ಕಲಬುರ್ಗಿಗಳೂ ಸೇರಿದ್ದುವು. ಆ ವರದಿಯು ಬಹುಕಾಲ ಬೆಳಕು ಕಾಣಲಿಲ್ಲ. ಫಲವು ಒಳ್ಳೆಯದಾದ ಮಾತ್ರಕ್ಕೆ ದಾರಿಯಲ್ಲಿ ಚೆಲ್ಲಿದ ನೆತ್ತರು ತೊಳೆದುಹೋಗುವುದಿಲ್ಲ.

ಇದನ್ನೆಲ್ಲ ನಾನು ಆ ತರುಣನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಮೇಷ್ಟರೆ. ಆದರೆ ನಾನು ಇಲ್ಲಿಗೆ ಬಂದದ್ದಂತೂ ನಿಜ” ಎಂದನು. ಅದಕ್ಕೆ ನನ್ನ ನ್ಯಾಯಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಅವನ ಸೀಮೆಯು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಹಿಂದುಳಿದಿರುವಿಕೆಯನ್ನು ಮನ್ನಿಸಿ ಸಂವಿಧಾನದಲ್ಲಿ 371ಜೆ ವಿಧಿಯನ್ನು ಸೇರಿಸಿದುದು 2012ರ ತಿದ್ದುಪಡಿಯಿಂದ. ನಡುವೆ ಐವತ್ತಾರು ವರ್ಷಗಳು! ಸಲ್ಲಬೇಕಾದುದನ್ನು ತಡಮಾಡಿ ಸಲ್ಲಿಸುವುದೂ ಒಂದು ಬಗೆಯ ಅನ್ಯಾಯವೆ.

ಆದಕಾರಣ ‘ಉಳಿದಿದ್ದರೆ ಏನಾಗುತ್ತಿತ್ತು’ ಎಂಬ ಮಾತು ಎದ್ದಾಗ ಅದನ್ನು ದೇಶದ್ರೋಹವೆಂದು ಗದರಿಸುವುದು ತರವಲ್ಲ. ಆ ತರ್ಕದ ಹಿಂದೆ, ‘ಕೂಡಿದಮೇಲೆ ನಮಗೇನಾಯಿತು’ ಎಂಬ ಇನ್ನೊಂದು ಪ್ರಶ್ನೆಯು ಅಡಗಿರುತ್ತದೆ. ಮೊದಲನೆಯದಕ್ಕೆ ಜಗಲಿಯ ಮೇಲೆ ಕುಳಿತು ಉತ್ತರ ಹೇಳಬಹುದು. ಎರಡನೆಯದಕ್ಕೆ ಪ್ರತ್ಯಕ್ಷಪ್ರಮಾಣವೇ ಬೇಕು: ಶಾಲೆ, ನೀರು, ಊರಿನಲ್ಲಿಯೇ ದೊರೆಯುವ ಕೆಲಸ. ಅದನ್ನು ತೋರಿಸುವ ಭಾರವು, ಒಟ್ಟುಗೂಡುವುದರಿಂದ ಹೆಚ್ಚು ಲಾಭ ಪಡೆದ ನಮ್ಮ ಮೇಲಿರುತ್ತದೆ.